ಮೊದಲನೇ ಪಾಳಿಯ ಗುನ್ನೆ

ಗುನ್ನೆ ಮಾಡಿದವರನ್ನು ಹುಡುಕುವುದರಲ್ಲೇ ನನ್ನ ಬೂಟು ಸವೆದಿವೆ, ಮೊಣಕಾಲೂ ಸವೆದಿವೆ. ಮಾಡಿದ್ದನ್ನು ಒಪ್ಪಿಕೊಂಡವರು ಬಹಳ ಕಡಿಮೆ. ಕದ್ದ ಕುರಿಯ ಹಗ್ಗ ಕೈಯಲ್ಲೇ ಹಿಡಿದುಕೊಂಡು ಸಿಕ್ಕಿಬಿದ್ದವನೂ "ಇದು ನನ್ನ ಬೆನ್ನ ಹತ್ತಿ ಬಂತ್ರಿ ಸಾಹೇಬ್ರ" ಎಂದು ಹೇಳಿದ್ದಾನೆ. ಯಾರೂ ಕರೆಯದೆ, ಯಾರೂ ಎಳೆದು ತರದೆ, ತಾನಾಗಿ ಠಾಣೆಯ ಮೆಟ್ಟಿಲು ಹತ್ತಿ ಬಂದು ಎದುರಿನ ಕುರ್ಚಿಯಲ್ಲಿ ಕೂತು "ನಾ ಗುನ್ನೆ ಮಾಡೇನ್ರಿ, ಬರಕೊರ್ರಿ" ಅಂದವಳು ಶಿವಗಂಗಾ ಒಬ್ಬಳೇ.

ನಾನು ಜಗದೇವ. ಊರು ಆಳಂದ, ಹೆಡ್ ಕಾನ್‌ಸ್ಟೆಬಲ್. ಜೇವರ್ಗಿ, ಅಫಜಲಪುರ ಎಲ್ಲ ಸುತ್ತಿ ಈಗ ನರೋಣಾ ಸೀಮೆಗೆ ಬಂದಿದ್ದೇನೆ. ಠಾಣೆಯಲ್ಲಿ ರೈಟರ್ ಕೆಲಸ, ಅಂದರೆ ಬಂದವರು ಅತ್ತುಕೊಂಡು, ಬೈದುಕೊಂಡು ಹೇಳಿದ್ದನ್ನೆಲ್ಲ ಸಾಲು ಹಿಡಿದು ಬರೆಯುವುದು. ಸಿಟ್ಟು ಬೇಗ ಬರುತ್ತದೆ ಎಂದು ಮನೆಯಲ್ಲೂ ಠಾಣೆಯಲ್ಲೂ ಹೆಸರಿದೆ. ಬರುತ್ತದೆ, ಸುಳ್ಳಲ್ಲ.

ತೊಗರಿ ಕೊಯ್ಲಿನ ದಿನಗಳವು. ಬೆಳಗಿನ ಚಹಾ ಇನ್ನೂ ಬಂದಿರಲಿಲ್ಲ. ಬಂದವಳಿಗೆ ಮೂವತ್ತರ ಮೇಲಿರಬಹುದು. ಸೀರೆಯ ಮೇಲೆ ಡ್ರೈವರುಗಳ ಖಾಕಿ ಅಂಗಿ ತೊಟ್ಟಿದ್ದಳು. ಹಣೆ ಬರಿದು. ಬಾಗಿಲ ಹೊರಗೆ ಅವಳ ಟಂಟಂ ನಿಂತಿತ್ತು. ಟಂಟಂ ಅಂದರೆ ನಮ್ಮ ಕಡೆಯ ಮೂರು ಗಾಲಿಯ ಗಾಡಿ. ಬಸ್ಸು ಹೋಗದ ಹೊಲ, ತಾಂಡಾ, ಹಳ್ಳಿಗಳಿಗೆಲ್ಲ ಅದೇ ಬಸ್ಸು.

"ಏನ್ ಮಾಡೀದಿ ತಂಗಿ?" ಎಂದೆ.

"ಹೇಳಿದ್ನಲ್ರಿ. ಗುನ್ನೆ."

"ಯಾರಿಗರೆ ಗಾಡಿ ಹಾಯಿಸಿದೇನು?"

"ಇಲ್ರಿ. ನನ್ನ ಗಾಡಿ ಇನ್ನತನಾ ಒಂದು ಕೋಳಿಗೂ ಹಾಯ್ದಿಲ್ಲ."

"ಬಡದಾಡಿದಿ? ಕದ್ದಿ?"

"ನಾ ಹಂಗ ಕಾಣ್ತೇನೇನ್ರಿ?"

"ಮತ್ತ ಏನ್ ಮಾಡಿದೆವ್ವಾ?"

"ಸ್ಟ್ಯಾಂಡಿನಾಗ ಮೊದಲನೇ ಪಾಳಿಗೆ ಗಾಡಿ ಹಚ್ಚೇನ್ರಿ," ಅಂದಳು. ಕಣ್ಣು ಕೆಂಪಗಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು.

ನಾನು ಪೆನ್ನು ಕೆಳಗಿಟ್ಟೆ.

ಶಿವಗಂಗಾಳ ತವರು ಹವಳಗಾದ ಹತ್ತಿರದ ಹಳ್ಳಿ. ಅಪ್ಪ ಗುರಣ್ಣ ಬೇರೆಯವರ ಟ್ರ್ಯಾಕ್ಟರ್ ಮೇಲೆ ಡ್ರೈವರ್, ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುತ್ತಿದ್ದ. ಕಾರ್ಖಾನೆಯ ಮುಂದೆ ಟ್ರ್ಯಾಕ್ಟರುಗಳ ಸಾಲು ಎಷ್ಟು ಉದ್ದ ನಿಲ್ಲುತ್ತದೆ ಎಂದು ನೋಡಿದವರಿಗೇ ಗೊತ್ತು. ಸಾಲು ಯಾವಾಗ ಮುಂದೆ ಸರಿಯುತ್ತದೋ ಹೇಳಲಾಗದು. ಸರಿದಾಗ ಗಾಡಿ ಸರಿಸದಿದ್ದರೆ ಹಿಂದಿನವನು ನುಗ್ಗುತ್ತಾನೆ. ಗುರಣ್ಣ ಟ್ರೇಲರಿನ ನೆರಳಲ್ಲಿ ನಿದ್ದೆ ಹೊಡೆಯುತ್ತಿದ್ದ. ಬುತ್ತಿ ತಂದ ಮಗಳು ಸೀಟಿನ ತುದಿಯಲ್ಲಿ ಕೂತು, ಕ್ಲಚ್ಚಿಗೆ ಕಾಲು ಎಟುಕಿಸಿ, ಒಂದೊಂದು ಮಾರು ಗಾಡಿ ಸರಿಸುತ್ತಿದ್ದಳು. ಅವಳು ಡ್ರೈವಿಂಗ್ ಕಲಿತದ್ದು ಹಾಗೆ. ಬೇರೆಯವರು ವೇಗ ಕಲಿಯುತ್ತಾರೆ, ಇವಳು ನಿಧಾನ ಕಲಿತಳು.

ಲೈಸೆನ್ಸಿಲ್ಲದ ಚಿಕ್ಕ ಹುಡುಗಿ ಟ್ರ್ಯಾಕ್ಟರ್ ಹೊಡೆಯುವುದು ಕಾನೂನಿನ ಪ್ರಕಾರ ಗುನ್ನೆ. ಆದರೆ ಆಗ ಕಾರ್ಖಾನೆಯ ಮುಂದೆ ಇದ್ದವರೆಲ್ಲ ಏನಂದರು? "ಗುರಣ್ಣನ ಮಗಳು ಭಾಳ ಶಾಣ್ಯಾಕಿ ಅದಾಳ" ಅಂದರು. ಚಹಾ ಕುಡಿಸಿದರು. ಬೆಳೆದ ಮೇಲೆ, ಕಲಬುರಗಿಗೆ ಹೋಗಿ ಪರೀಕ್ಷೆ ಕೊಟ್ಟು, ಲೈಸೆನ್ಸ್ ತೆಗೆದುಕೊಂಡು, ಸ್ವಂತ ಗಾಡಿ ಹೊಡೆದಾಗ ಅದೇ ಹೆಣ್ಣಿಗೆ ಗುನ್ನೆಗಾರ್ತಿ ಅಂದರು. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮದುವೆಯಾಗಿ ಬಂದದ್ದು ನರೋಣಾಕ್ಕೆ. ಗಂಡ ಶಂಕರಲಿಂಗ ಟಂಟಂ ಡ್ರೈವರ್. ನಗುಮುಖದ ಮನುಷ್ಯ, ಸ್ಟ್ಯಾಂಡಿನವರಿಗೆಲ್ಲ ಬೇಕಾದವನು. ಕಾಮಾಲೆ ಬಂತು. ಗಿಡಮೂಲಿಕೆ ಔಷಧ ಎಂದು ದಿನ ಕಳೆದರು. ಕೊನೆಗೆ ಸ್ಟ್ಯಾಂಡಿನ ಹಿರಿಯ ಸೈದಪ್ಪನೇ ತನ್ನ ಗಾಡಿಯಲ್ಲಿ ಮಲಗಿಸಿಕೊಂಡು ಕಲಬುರಗಿಗೆ ಓಡಿದ. ಹೋದ ಗಾಡಿಯಲ್ಲೇ ಹೆಣ ಬಂತು.

ಶಂಕರಲಿಂಗನ ಟಂಟಂ ತಗಡಿನ ಚಪ್ಪರದ ಕೆಳಗೆ ತಾಡಪತ್ರಿ ಹೊದ್ದು ನಿಂತಿತು. ಶಿವಗಂಗಾ ಕೂಲಿಗೆ ಹೋಗತೊಡಗಿದಳು. ಅತ್ತೆ ಗಂಗಾಬಾಯಿ ಮಗ ಸತ್ತ ಮೇಲೆ ಮಾತು ಕಡಿಮೆ ಮಾಡಿದ್ದ ಮುದುಕಿ. ಒಂದು ದಿನ ಸೊಸೆಯನ್ನು ಕರೆದು ತಾಡಪತ್ರಿ ಎತ್ತಿ ತೋರಿಸಿದಳಂತೆ. "ನೋಡಿಲ್ಲಿ, ಸೀಟಿನ ಮ್ಯಾಲ ಕೋಳಿ ತತ್ತಿ ಇಡಾಕತ್ತಾವ. ಒಂದೋ ಮಾರು, ಇಲ್ಲಂದ್ರ ಹೊಡಿ. ನನ್ನ ಮಗನ ಗಾಡಿ ಕೋಳಿಗೂಡು ಆಗೂದು ಬ್ಯಾಡ." ಮಂದಿ ಏನಂದಾರು ಎಂದು ಶಿವಗಂಗಾ ಕೇಳಿದ್ದಕ್ಕೆ, "ಮಂದಿ ಬಾಯಿಗೆ ಮುಚ್ಚಳ ಇಲ್ಲ ಬೇ. ಉಪಾಸ ಇದ್ರ ಯಾರೂ ರೊಟ್ಟಿ ತಂದು ಕೊಡಂಗಿಲ್ಲ" ಅಂದಳು.

ಹೀಗೆ ಶಿವಗಂಗಾ ಸ್ಟ್ಯಾಂಡಿಗೆ ಬಂದಳು. ಮೊದಮೊದಲು ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ, ಅದನ್ನು ಹೇಳಲೇಬೇಕು. ಟೈರು ಬದಲಿಸಲು ಪಕ್ಕದ ಗಾಡಿಯ ಸಿದ್ದಲಿಂಗ ಕೈಹಚ್ಚಿದ. ಡೀಸೆಲ್ ಎಲ್ಲಿ ಚಲೋ ಎಂದು ಮಿನಾಜ ಹೇಳಿಕೊಟ್ಟ. ತೊಡಕು ಬಂದದ್ದು ಮೊದಲನೇ ಪಾಳಿಯಲ್ಲಿ.

ಸ್ಟ್ಯಾಂಡಿನ ಪದ್ಧತಿ ಹೀಗೆ. ಮೊದಲು ತುಂಬುವ ಗಾಡಿ ದಿನಕ್ಕೊಂದು, ಪಾಳಿಯ ಪ್ರಕಾರ. ಇವತ್ತು ಎರಡನೆಯದಾಗಿ ಹೋದದ್ದು ನಾಳೆ ಮೊದಲು. ಮೊದಲ ಗಾಡಿಗೆ ಹತ್ತಿದವರು ಕೊಟ್ಟ ಮೊದಲ ನೋಟು ಬರೀ ಆ ಡ್ರೈವರನ ಬೋಣಿ ಅಲ್ಲ, ಇಡೀ ಸ್ಟ್ಯಾಂಡಿನ ಬೋಣಿ. ಆ ನೋಟನ್ನು ಸ್ಟ್ಯಾಂಡಿನ ಹಣಮಪ್ಪ ದೇವರ ಕಟ್ಟೆಗೆ ಮುಟ್ಟಿಸಿ, ಆಮೇಲೆ ಸಾಲಿನಲ್ಲಿ ನಿಂತ ಎಲ್ಲ ಗಾಡಿಗಳ ಗಾಜಿಗೂ ಮುಟ್ಟಿಸುತ್ತ ಬರುತ್ತಾರೆ. ಮಿನಾಜನ ಗಾಡಿಗೂ ಮುಟ್ಟಿಸುತ್ತಾರೆ, ಅವನೂ ಕಣ್ಣಿಗೊತ್ತಿಕೊಳ್ಳುತ್ತಾನೆ. ಜಾತಿ ಧರ್ಮ ನೋಡದ ಬೋಣಿ ಅದು. ವಿಧವೆಯನ್ನು ಮಾತ್ರ ನೋಡುತ್ತದೆ ಎಂಬುದು ಶಿವಗಂಗಾಳ ಪಾಳಿ ಬಂದಾಗ ಗೊತ್ತಾಯಿತು.

"ತಂಗೀ, ನಿನ್ನ ಮೊದಲ ಪಾಳಿ ಬಂದ ದಿನ ಜರಾ ಹಿಂದಕ್ಕ ನಿಲ್ಲವ್ವ. ತಪ್ಪ ತಿಳಕೋಬ್ಯಾಡ. ಎಲ್ಲಾರ ಹೊಟ್ಟಿ ಪ್ರಶ್ನೆ," ಎಂದ ಸೈದಪ್ಪ. ಒಳ್ಳೆಯ ಮಾತಿನಲ್ಲೇ ಹೇಳಿದ. ಅವಳೂ ತಲೆ ಆಡಿಸಿದಳು. ಬೇಸಿಗೆ ಹೋಯಿತು, ಮಳೆಗಾಲ ಹೋಯಿತು, ಅವಳ ಪಾಳಿ ಬಂದಾಗಲೆಲ್ಲ ಗಾಡಿ ಹಿಂದೆ ಸರಿಯಿತು. ಹೆಂಗಸರಿಗೆ ಬಸ್ಸು ಬಿಟ್ಟಿಯಾದ ಮೇಲೆ ಟಂಟಂನವರಿಗೆ ಮೊದಲಿನ ಹಾಗೆ ಮಂದಿ ಇಲ್ಲ. ಕೊನೆಗೆ ನಿಂತವರಿಗೆ ಗಾಳಿಯೇ ಪ್ರಯಾಣಿಕ.

ತೊಗರಿ ಕೊಯ್ಲು ಬಂತು. ಆಗ ಮೊದಲನೇ ಪಾಳಿ ಅಂದರೆ ಬಂಗಾರ. ಕೂಲಿ ಹೆಂಗಸರ ಗುಂಪು ನಸುಕಿನಲ್ಲೇ ಬರುತ್ತದೆ. ಹೊಲದ ದಾರಿಗೆ ಬಸ್ಸಿಲ್ಲ. ಬೆಳಿಗ್ಗೆ ಒಯ್ದ ಗಾಡಿಯೇ ಸಂಜೆ ತಿರುಗಿ ಕರೆತರುತ್ತದೆ. ಅದು ತಪ್ಪಿದರೆ ದಿನವೇ ತಪ್ಪಿದ ಹಾಗೆ. ಹಿಂದೆ ಸರಿಯುತ್ತ ಇದ್ದರೆ ಗಾಡಿ ಮತ್ತೆ ಚಪ್ಪರದ ಕೆಳಗೆ ಹೋಗುವುದೇ ಖರೆ ಎಂದು ಶಿವಗಂಗಾಳಿಗೆ ತಿಳಿಯಿತು. ಆ ಬೆಳಿಗ್ಗೆ ಪಾಳಿ ಬಂತು. ಗಾಡಿ ಮೊದಲ ಜಾಗಕ್ಕೆ ಹಚ್ಚಿದಳು. ಸರಿಯಲಿಲ್ಲ.

ಎರಡು ಗಾಡಿ ಅಡ್ಡ ತಂದು ನಿಲ್ಲಿಸಿದರು. ಬೇವಿನ ಮರದ ಕೆಳಗೆ ಎಲ್ಲರೂ ಕೂಡಿದರು. "ಊರಿಗೊಂದು ದಾರಿ ಆದ್ರ ಪೋರಗೊಂದು ದಾರಿ ಅಂದಂಗಾತು" ಎಂದು ಸಿದ್ದಲಿಂಗ ಚುಚ್ಚಿದ. ಸೈದಪ್ಪ ತೀರ್ಪು ಹೇಳಿದ. "ನೀ ಮಾಡಿದ್ದು ಗುನ್ನೆ. ಹಣಮಪ್ಪನ ಕಟ್ಟಿಗೆ ಕಾಯಿ ಒಡಿ, ಎಲ್ಲಾರ ಮುಂದ ತಪ್ಪಾತು ಅನ್ನು, ಮೊದಲನೇ ಪಾಳಿ ಬಿಟ್ಟೆ ಅನ್ನು. ಅಲ್ಲಿತನಾ ಸ್ಟ್ಯಾಂಡಿಗೆ ಗಾಡಿ ಹಚ್ಚಬ್ಯಾಡ."

ಅವಳು ಗಾಡಿ ತಿರುಗಿಸಿ ಸೀದಾ ಠಾಣೆಗೆ ಬಂದಳು.

"ಗುನ್ನೆ ಮಾಡಿದವ್ರು ಠಾಣೆಗೆ ಬರಬೇಕಲ್ರಿ," ಅಂದಳು ನನಗೆ. "ಕಾಯಿ ಒಡಿ ಅಂದ್ರ ಯಾಕ ಒಡೀಲಿ? ಗುನ್ನೆ ಅಂದ್ರಲ್ಲ, ಗುನ್ನೆಗೆ ಏನು ಶಿಕ್ಷಾ ಅದ, ಅದನ್ನ ಕೊಡ್ರಿ. ಜೇಲಿಗೆ ಅಂದ್ರ ಜೇಲಿಗೆ ಹೋಗ್ತೇನಿ. ಹೊರಗ ಬಂದ ಮ್ಯಾಲರೆ ಪಾಳಿ ಕೊಡಬೇಕಲ್ಲ ಅವ್ರು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳನ್ನು ದಡ್ಡಿ ಎನ್ನುವ ಹಾಗೆಯೂ ಇಲ್ಲ. ನಮ್ಮ ಕಡೆಯ ಮಾತೇ ಹಾಗೆ. ಕೊಲೆಗೂ ಗುನ್ನೆ ಅನ್ನುತ್ತೇವೆ, ನಾವು ಕೇಸಿಗೆ ಹಾಕುವ ನಂಬರಿಗೂ ಗುನ್ನೆ ನಂಬರ ಅನ್ನುತ್ತೇವೆ, ಹಿರಿಯರ ಮುಂದೆ ಕಾಲು ಚಾಚಿ ಕೂತರೂ ಗುನ್ನೆಯೇ. ಒಂದೇ ಚೀಲದಲ್ಲಿ ಜೋಳ, ಹೊಟ್ಟು ಎರಡೂ.

ಹೊಸ ಕಾನೂನು ಪುಸ್ತಕ ಬಂದ ಮೇಲೆ ನಮಗೂ ತಲೆ ಕೆಟ್ಟಿದೆ. ನಾಲ್ಕುನೂರಾ ಇಪ್ಪತ್ತು ಅಂದರೆ ಮೋಸ ಎಂದು ಹುಟ್ಟಿದಾರಭ್ಯ ಕೇಳಿದ್ದೆವು, ಈಗ ಆ ನಂಬರೇ ಬೇರೆ. ಆದರೂ ಅವಳ ಸಮಾಧಾನಕ್ಕೆ ಪುಸ್ತಕ ತೆಗೆದೆ. ಅವಳೂ ಬಾಗಿ ನೋಡಿದಳು. ಕಳವು ಇತ್ತು, ದರೋಡೆ ಇತ್ತು, ಗಾಡಿ ಅಡ್ಡಾದಿಡ್ಡಿ ಹೊಡೆಯುವುದೂ ಇತ್ತು. ಗಂಡ ಸತ್ತವಳು ಮುಂದೆ ನಿಲ್ಲಬಾರದು ಎಂಬ ಕಲಂ ಮಾತ್ರ ಹುಡುಕಿದರೂ ಸಿಗಲಿಲ್ಲ.

ನಮ್ಮ ಪಿಎಸ್‌ಐ ಮೈಸೂರು ಕಡೆಯ ಯುವಕ, ಬಂದು ಆರು ತಿಂಗಳೂ ಆಗಿರಲಿಲ್ಲ. ಒಳಗಿಂದ ಬಂದು ಎಲ್ಲ ಕೇಳಿ, "ಗುನ್ನೆ ಅಂದ್ರೆ ಅಪರಾಧವೋ, ಬರೀ ರೂಢಿ ಮುರಿಯೋದೋ? ಯಾವುದ್ರೀ?" ಎಂದರು.

"ಎರಡೂ ಸರ್," ಎಂದೆ. "ಅದೇ ತಾಪತ್ರಯ."

ಅವರಿಗೆ ಹೇಳುವುದಕ್ಕೆ ನನ್ನ ಬಳಿ ಎಷ್ಟೋ ಇತ್ತು. ಜೇವರ್ಗಿಯಲ್ಲಿದ್ದಾಗ ಒಂದು ಬಾಲ್ಯವಿವಾಹ ನಿಲ್ಲಿಸಲು ಹೋಗಿದ್ದೆ. ಬ್ಯಾಂಡು, ಹಂದರ, ಹುಗ್ಗಿ, ಊರಿಗೆ ಊರೇ ಪಂಗ್ತಿಯಲ್ಲಿ ಕೂತಿತ್ತು. ಅದು ಜೇಲಿಗೆ ಹಾಕುವಂಥ ಅಪರಾಧ. ಒಬ್ಬನ ಮುಖದಲ್ಲೂ ಅಳುಕಿಲ್ಲ. ನಮಗೆ ಸುದ್ದಿ ಕೊಟ್ಟ ಹುಡುಗಿಗೆ ಮಾತ್ರ ಗುನ್ನೆಗಾರ್ತಿ ಎಂಬ ಹೆಸರು. ಅಫಜಲಪುರದಲ್ಲಿ ಇನ್ನೊಬ್ಬ, ಕಂಬಕ್ಕೆ ಕೊಕ್ಕೆ ಹಾಕಿ ಕರೆಂಟು ಕದಿಯುವವನು, ನನ್ನ ವೈರು ಕಳವಾಗಿದೆ ಎಂದು ಕಂಪ್ಲೇಂಟ್ ಕೊಡಲು ಬಂದಿದ್ದ. ವೈರು ಕದ್ದವನು ಅವನ ಲೆಕ್ಕದಲ್ಲಿ ಕಳ್ಳ, ಕರೆಂಟು ಕದ್ದ ತಾನು ಗೃಹಸ್ಥ. ಎಲ್ಲರೂ ಮಾಡಿದರೆ ರೂಢಿ, ಒಬ್ಬರು ಮಾಡಿದರೆ ಗುನ್ನೆ, ಇಷ್ಟೇ ನಮ್ಮವರ ಕಾನೂನು.

ನನಗೆ ಇದು ಪುಸ್ತಕದಿಂದ ಬಂದ ತಿಳುವಳಿಕೆಯಲ್ಲ. ನಮ್ಮ ಮುತ್ಯಾ ಊರೊಳಗಿನ ಓಣಿಯಲ್ಲಿ ಚಪ್ಪಲಿಯನ್ನು ಕೈಯಲ್ಲಿ ಹಿಡಿಯದೆ ಕಾಲಲ್ಲಿ ಮೆಟ್ಟಿ ನಡೆದದ್ದಕ್ಕೆ ಗುನ್ನೆ ಎಂದರು. ಕಟ್ಟೆಯ ಮುಂದೆ ಮೂಗು ತಿಕ್ಕಿಸಿದರು. ನಾವು ಬುದ್ಧನ ಕಡೆ ನಡೆದದ್ದು ಆ ಮೂಗಿನ ಗಾಯ ಮರೆಯದೆ. ಇವತ್ತು ಹಾಗೆ ಯಾರಾದರೂ ಮಾಡಿಸಿದರೆ ಅವರ ಮೇಲೆ ಕೇಸು ಬರೆಯುವವನು ಆ ಮುತ್ಯಾನ ಮೊಮ್ಮಗ ನಾನೇ. ಚಪ್ಪಲಿ ಮೆಟ್ಟಿದ್ದು ಗುನ್ನೆಯಾಗಿ ಉಳಿಯಲಿಲ್ಲ, ಮೂಗು ತಿಕ್ಕಿಸಿದ್ದು ಗುನ್ನೆಯಾಯಿತು. ಹಾಗಾಗಿ ಕಾಲ ಬದಲಾಗುವುದಿಲ್ಲ ಎನ್ನುವವರ ಮಾತು ನಾನು ನಂಬುವುದಿಲ್ಲ.

"ತಂಗಿ, ನಿಂದು ಗುನ್ನೆ ಅಲ್ಲ. ನಿನ್ನ ಗಾಡಿಗೆ ಅಡ್ಡ ಹಚ್ಚಿದ್ರಲ್ಲ, ಅದು ಗುನ್ನೆ. ನೀ ಹೂಂ ಅಂದ್ರ ಅವರ ಮ್ಯಾಲ ಬರೀತೇನಿ," ಎಂದೆ.

ಅವಳು ಹೂಂ ಅನ್ನಲಿಲ್ಲ. "ಕೇಸ್ ಹಾಕಿದ್ರ ಅವರು ಕೋರ್ಟಿಗೆ ಹೋಗ್ತಾರ, ನಾನೂ ಹೋಗ್ಬೇಕು. ಗಾಡಿ ಹೊಡಿಯೋದು ಯಾವಾಗ್ರಿ? ಸೈದಪ್ಪ ಮಾಮಾ ನನ್ನ ಗಂಡನ್ನ ತನ್ನ ಗಾಡ್ಯಾಗ ಮಲಗಿಸಿಕೊಂಡು ದವಾಖಾನಿಗೆ ಒಯ್ದಾನ. ಅವನ್ನ ಜೇಲಿಗೆ ಕಳಸಾಕ ಬಂದಿಲ್ಲ ನಾ. ನನಗ ನನ್ನ ಪಾಳಿ ಬೇಕು, ಅಷ್ಟ."

ಪಿಎಸ್‌ಐ ಸಾಹೇಬರು ಬಿಸಿರಕ್ತದವರು. ಅವತ್ತೇ ನನ್ನನ್ನು ಕರೆದುಕೊಂಡು ಸ್ಟ್ಯಾಂಡಿಗೆ ಹೋದರು. ಅಲ್ಲಿ ಕಂಡದ್ದೇನು? ಸಿದ್ದಲಿಂಗನ ಗಾಡಿಯಲ್ಲಿ ಒಳಗೆ ಕೂತವರಿಗಿಂತ ಹೊರಗೆ ಜೋತುಬಿದ್ದವರೇ ಹೆಚ್ಚು. ಒಬ್ಬನ ಇನ್ಶೂರೆನ್ಸ್ ಮುಗಿದು ವರ್ಷವಾಗಿತ್ತು. ತೀರ್ಪು ಹೇಳಿದ ಸೈದಪ್ಪನ ಲೈಸೆನ್ಸೇ ಅವಧಿ ಮೀರಿತ್ತು. ಇಡೀ ಸಾಲಿನಲ್ಲಿ ಕಾಗದಪತ್ರ ಸರಿಯಿದ್ದ, ಪರ್ಮಿಟ್ಟಿನಷ್ಟೇ ಮಂದಿ ಕೂಡಿಸುವ ಗಾಡಿ ಒಂದೇ, ಅದನ್ನು ಅವರು ಹೊರಗೆ ಹಾಕಿದ್ದರು. ಸಾಹೇಬರು ಸಾಲು ಹಿಡಿದು ದಂಡ ಬರೆದರು. "ಇದು ಗುನ್ನೆ," ಎಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳಿದೆ. "ಆಕೆ ಮಾಡಿದ್ದಲ್ಲ."

"ಇದು ಎಲ್ಲಾರೂ ಮಾಡ್ತಾರಲ್ರಿ," ಎಂದ ಸಿದ್ದಲಿಂಗ. ನಾಟಕವಲ್ಲ, ನಿಜವಾಗಿಯೂ ನೊಂದುಕೊಂಡೇ ಅಂದ.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನಮ್ಮ ದಂಡದ ಸಿಟ್ಟೆಲ್ಲ ಶಿವಗಂಗಾಳ ಮೇಲೆ ತಿರುಗಿತು. ಅಡ್ಡ ಹಚ್ಚುವುದನ್ನು ಬಿಟ್ಟರು. ಅದರ ಬದಲು "ಆಕಿ ಗಾಡಿಗೆ ಹತ್ತಬ್ಯಾಡ್ರಿ" ಎಂದು ಹತ್ತಲು ಬಂದವರ ಕಿವಿಯಲ್ಲಿ ಹೇಳತೊಡಗಿದರು. ಬಾಯಿ ಮಾತಿಗೆ ನಾನು ಯಾವ ಕಲಂ ಹಾಕಲಿ? ಸಾಲಿನ ಗಾಡಿಗಳು ತುಂಬಿ ಹೋದವು, ಅವಳ ಗಾಡಿ ಖಾಲಿ ನಿಂತಿತು. ಕಾನೂನಿನ ಕೈ ಉದ್ದ ಅನ್ನುತ್ತಾರೆ, ಆದರೆ ಅದು ಒಬ್ಬಳ ಗಾಡಿಗೆ ಒಬ್ಬ ಪ್ರಯಾಣಿಕನನ್ನೂ ಹತ್ತಿಸಲಾರದು. ಆ ವಾರ ನಾನು ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯ್ದೆ.

ಅವಳ ಮೊದಲನೇ ಪಾಳಿ ಮತ್ತೆ ಬಂತು. ಜಗಳವಾದೀತು ಎಂದು ಸಾಹೇಬರು ನನ್ನನ್ನು ಕಳಿಸಿದರು. ಬೆಳಕು ಹರಿಯುತ್ತಿತ್ತು, ಚಳಿ ಕಚ್ಚುತ್ತಿತ್ತು. ಶಿವಗಂಗಾ ಗಾಡಿ ಮುಂದೆ ಹಚ್ಚಿ, ಸ್ಟೇರಿಂಗ್ ಹಿಡಿದು ಕೂತಿದ್ದಳು. ಹಿಂದಿನ ಗಾಡಿ ಸೈದಪ್ಪನದು. ಹತ್ತುವವರಿಲ್ಲದೆ ಈ ಪಾಳಿಯೂ ಹೋದರೆ ಅವಳು ಮತ್ತೆ ಬರುವುದಿಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು.

ಕೂಲಿ ಹೆಂಗಸರ ಗುಂಪು ಬಂತು. ತಲೆಗೆ ಟವೆಲು, ಸೊಂಟದಲ್ಲಿ ಕುಡುಗೋಲು, ಕೈಯಲ್ಲಿ ಬುತ್ತಿಗಂಟು. ಮುಂದೆ ಮರೆಮ್ಮ, ಗುಂಪಿಗೆ ಅವಳೇ ಮುಖಂಡೆ. ಯಾವ ಹೊಲ, ಎಷ್ಟು ಮಂದಿ, ಯಾವ ಗಾಡಿ, ಎಲ್ಲ ಅವಳ ಮಾತಿನಂತೆಯೇ. ದನಿ ಹಲಗೆ ಬಡಿದ ಹಾಗೆ ಕೇಳುತ್ತದೆ.

ಸೈದಪ್ಪ ಎದ್ದು ಹೋಗಿ ಮೆಲ್ಲಗೆ ಹೇಳಿದ. "ಮರೆವ್ವಾ, ಮುಂದಿನ ಗಾಡಿ ಬಿಡು. ನನ್ನ ಗಾಡಿಗೆ ಹತ್ತಿಸು ನಿನ್ನ ಮಂದಿನ್ನ."

"ಯಾಕೋ? ಪಾಳಿ ಆಕಿದಲ್ಲ?"

"ಬೋಣಿ ಹೊತ್ತವ್ವ. ಗಂಡ ಸತ್ತಾಕಿ. ಸ್ಟ್ಯಾಂಡಿಗೆಲ್ಲ ಚಲೋ ಅಲ್ಲ."

ಮರೆಮ್ಮ ಬುತ್ತಿಗಂಟು ಕೆಳಗಿಟ್ಟಳು. ಈಗ ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ, ಕೇಳಿದಳು. "ಸೈದಪ್ಪಾ, ದಿನಾ ಮುಂಜಾನಿ ಮೊದಲ ಗಾಡಿ ತುಂಬೋರು ಯಾರು?"

"ನೀವೇ."

"ಮೊದಲ ನೋಟು ಕೊಡೋರು?"

"ನೀನೇ ಕೊಡ್ತಿ. ಎಲ್ಲಾರದೂ ಕೂಡಿಸಿ."

"ಅದ ನೋಟು ಹಣಮಪ್ಪಗ ಮುಟ್ಟಸ್ತೀರಿ, ಗಾಡಿಗೆಲ್ಲ ಮುಟ್ಟಸ್ತೀರಿ, ಹೌದಿಲ್ಲೊ?"

"ಹೌದು."

"ನನ್ನ ಗಂಡ ಎಲ್ಲಿ ಅದಾನ?"

ಮರೆಮ್ಮನ ಗಂಡ ಸತ್ತು ಎಷ್ಟೋ ವರ್ಷವಾಗಿತ್ತು. ಮಣ್ಣಿಗೆ ಬಂದ ನೆಂಟರನ್ನು ಬಸ್ಸಿಗೆ ಬಿಟ್ಟು ಬಂದವನು ಸೈದಪ್ಪನೇ.

"ಈ ಚಂದಮ್ಮನ ಗಂಡ?" ಮರೆಮ್ಮ ಹಿಂದೆ ತಿರುಗಿ ಒಬ್ಬೊಬ್ಬರನ್ನೇ ತೋರಿಸಿದಳು. "ಶರೀಫಾಬಿ ಗಂಡ? ಸಪ್ನಾನ ಗಂಡ ಬಿಟ್ಟು ಹೋಗ್ಯಾನ, ಅದು ಯಾವ ಲೆಕ್ಕಕ್ಕ ಬರ್ತದ? ಗಂಡ ಇದ್ದು ಕುಂಕುಮ ಹಚ್ಚಿಕೊಂಡವ್ರು ಇಷ್ಟು ನಸುಕಿನಾಗ ಕುಡುಗೋಲು ಹಿಡಕೊಂಡು ಬರೂದು ಕಮ್ಮಿ ತಮ್ಮಾ. ಬರೋರು ನಾವು. ಇಷ್ಟು ವರ್ಷ ನಿಮ್ಮ ಬೋಣಿ ನಡಿಸಿದವ್ರು ನಾವು. ನಿಮ್ಮ ಗಾಡಿ ಏನರೆ ಹಳ್ಳಕ್ಕ ಬಿದ್ದಾವೇನು?"

"ಅದು ಬ್ಯಾರೆ ಮರೆವ್ವಾ," ಎಂದ ಸೈದಪ್ಪ.

"ಹ್ಯಾಂಗ ಬ್ಯಾರೆ? ನಾವು ಮುಂಡೇರು, ನಮ್ಮ ನೋಟು ಮುತ್ತೈದಿ ಏನು?"

ಯಾರೋ ಕಿಸಕ್ಕನೆ ನಕ್ಕರು. ಮಿನಾಜನೇ ಇರಬೇಕು. ಆಮೇಲೆ ಹೆಂಗಸರೆಲ್ಲ ನಕ್ಕರು, ಸಿದ್ದಲಿಂಗನೂ ನಗು ಮುಚ್ಚಿಕೊಳ್ಳಲು ಮುಖ ಆ ಕಡೆ ತಿರುಗಿಸಿದ. ಸೈದಪ್ಪ ನಗಲಿಲ್ಲ. ಆ ಮನುಷ್ಯನ ಮುಖ ನೋಡಿ ನನ್ನ ಸಿಟ್ಟು ಅರ್ಧ ಇಳಿಯಿತು. ಅವನು ಕೆಟ್ಟವನಲ್ಲ. ನಂಬಿದ್ದ. ನಂಬಿದ್ದು ಸುಳ್ಳು ಎಂದು ಬೆಳ್ಳಂಬೆಳಿಗ್ಗೆ ಎಲ್ಲರೆದುರು ಗೊತ್ತಾದರೆ ಯಾರ ಮುಖವಾದರೂ ಹಾಗೆಯೇ ಆಗುತ್ತದೆ. ನಾನು ಪುಸ್ತಕ ಹಿಡಿದು ಹೇಳಿದಾಗ ತಲೆಗೆ ಹೋಗದ ಮಾತು ಮರೆಮ್ಮ ಹೇಳಿದಾಗ ಹೋಯಿತು. ಕಾನೂನು ಹೇಳುವವರು ಹೊರಗಿನವರು, ಬೋಣಿ ಕೊಡುವವರು ಒಳಗಿನವರು.

ಮರೆಮ್ಮ ಹೋಗಿ ಶಿವಗಂಗಾಳ ಪಕ್ಕದಲ್ಲೇ ಕೂತಳು. ಉಳಿದವರು ಹಿಂದೆ ಹತ್ತತೊಡಗಿದರು. ಗಾಡಿ ತುಂಬಿತು, ಇನ್ನೂ ಹತ್ತುತ್ತಿದ್ದರು. ಆಗ ಶಿವಗಂಗಾ ಮೊದಲ ಸಲ ಬಾಯಿ ಬಿಟ್ಟಳು. "ಸಾಕವ್ವ, ಪರ್ಮಿಟ್ ಇದ್ದಷ್ಟೇ ಮಂದಿ. ಉಳದವ್ರು ಸೈದಪ್ಪ ಮಾಮಾನ ಗಾಡಿಗೆ ಹತ್ರಿ."

ಹೀಗೆ ಆ ದಿನ ಗುಂಪು ಎರಡು ಗಾಡಿಯಲ್ಲಿ ಹೋಯಿತು. ಹೊರಡುವ ಮುಂಚೆ ಮರೆಮ್ಮ ನೋಟು ತೆಗೆದು ಶಿವಗಂಗಾಳ ಕೈಗೆ ಕೊಟ್ಟಳು. ಶಿವಗಂಗಾ ಇಳಿದು ಕಟ್ಟೆಗೆ ಮುಟ್ಟಿಸಿದಳು. ಸಾಲಿನ ಗಾಜುಗಳಿಗೆ ಮುಟ್ಟಿಸಬೇಕೋ ಬೇಡವೋ ಎಂದು ನಿಂತಳು. ಮಿನಾಜ ತಾನೇ ಬಂದು ನೋಟು ಇಸಿದುಕೊಂಡು ತನ್ನ ಗಾಡಿಗೆ ಮುಟ್ಟಿಸಿದ. ಅವನ ಹಿಂದೆ ಇನ್ನಿಬ್ಬರು. ಕೆಲವರು ಮುಖ ತಿರುಗಿಸಿದರು. ಸೈದಪ್ಪ ನೋಟು ಮುಟ್ಟಲಿಲ್ಲ, ಬೇಡವೆಂದೂ ಅನ್ನಲಿಲ್ಲ. ತನ್ನ ಗಾಡಿಗೆ ಹತ್ತಿದ ಹೆಂಗಸರ ಬುತ್ತಿಗಂಟುಗಳನ್ನು ಒಳಗೆ ಸರಿಯಾಗಿ ಜೋಡಿಸಿ ಇಟ್ಟ.

ಎಲ್ಲ ಒಂದೇ ದಿನಕ್ಕೆ ಸರಿಹೋಯಿತು ಎಂದು ನಾನು ಬರೆಯುವುದಿಲ್ಲ. ಸಿದ್ದಲಿಂಗ ಈಗಲೂ ಗೊಣಗುತ್ತಾನೆ. ಒಬ್ಬ ಅವಳ ಬೋಣಿಯ ದಿನ ತನ್ನ ಗಾಡಿಗೆ ನಿಂಬೆಹಣ್ಣು ಕಟ್ಟಿಕೊಂಡು ಬರುತ್ತಾನೆ. ಕಟ್ಟಿಕೊಳ್ಳಲಿ, ನಿಂಬೆಹಣ್ಣಿಗೂ ಕಲಂ ಇಲ್ಲ. ಸೈದಪ್ಪ ಕಲಬುರಗಿಗೆ ಹೋಗಿ ಲೈಸೆನ್ಸ್ ಹೊಸದು ಮಾಡಿಸಿಕೊಂಡು ಬಂದ, ನನಗೆ ತೋರಿಸಲೂ ಬಂದ. "ಈಗ ಗುನ್ನೆ ಇಲ್ಲಲ್ರಿ?" ಎಂದು ಕೇಳಿದ. ಇಲ್ಲ ಎಂದೆ. ಗಂಗಾಬಾಯಿ ಚಪ್ಪರದ ಕೆಳಗಿನ ತಾಡಪತ್ರಿಯನ್ನು ತೊಗರಿ ಒಣಹಾಕಲು ಹಾಸಿದ್ದಾಳೆ.

ಮೊನ್ನೆ ಆ ದಾರಿಯಲ್ಲಿ ಹೋಗುವಾಗ ಬೆಳಗಿನ ಸಾಲಿನಲ್ಲಿ ಶಿವಗಂಗಾಳ ಗಾಡಿ ಮುಂದಿತ್ತು. ತುಂಬಿತ್ತು. ಹೊರಟಿದ್ದವಳು ನನ್ನನ್ನು ಕಂಡು ನಿಲ್ಲಿಸಿ, ಅತ್ತೆಯ ಮೊಣಕಾಲು ನೋವು, ಹೊಸ ಟೈರು, ಅದು ಇದು ಎಂದು ಮಾತಿಗೆ ಹತ್ತಿದಳು. ಸ್ಟ್ಯಾಂಡಿನಲ್ಲಿ ಡ್ರೈವರುಗಳು ದಿನವೆಲ್ಲ ಒಬ್ಬರಿಗೊಬ್ಬರು ಬೈದುಕೊಳ್ಳುತ್ತಾರೆ, ಅದು ಅವರ ನಮಸ್ಕಾರ. ಇವಳಿಗೆ ಮಾತ್ರ ಇಷ್ಟು ದಿನ ಯಾರೂ ಬೈದಿರಲಿಲ್ಲ. ತಂಗೀ, ಅವ್ವಾ ಎಂದು ಮೆತ್ತಗೆ ಮಾತಾಡಿಸಿ ದೂರವೇ ಇಟ್ಟಿದ್ದರು. ಹಿಂದಿನ ಗಾಡಿಯಿಂದ ಹಾರ್ನು ಕೇಳಿತು. ಮತ್ತೆ ಕೇಳಿತು. ಸೈದಪ್ಪ ತಲೆ ಹೊರಗೆ ಹಾಕಿದ.

"ಏ ಶಿವಗಂಗಾ, ಪೊಲೀಸರ ಕೂಡ ಹರಟಿ ಹೊಡಿಯೋದು ಆಮ್ಯಾಲ. ಕಣ್ಣ ಕಾಣಂಗಿಲ್ಲೇನ ಬೇ, ಹಿಂದ ನಾವು ನಿಂತೇವಿ. ನಿನ್ನ ಪಾಳಿ ಅದ, ಗಾಡಿ ತೆಗಿ ಮೊದಲ."

"ತೆಗೀತೇನಿ, ತಡಿ ಮಾಮಾ," ಎಂದು ಅವಳೂ ಗದರಿದಳು. ಗದರುತ್ತಲೇ ನನ್ನ ಕಡೆ ನೋಡಿದಳು. ಕಣ್ಣು ತುಂಬಿದ್ದವು, ಬಾಯಿ ನಗುತ್ತಿತ್ತು. ಗೇರು ಹಾಕಿ, ಪಾಳಿಯ ಪ್ರಕಾರ, ಮೊದಲು ಹೋದಳು.